ಆಟ ಬಲ್ಲವನ ಸೋಲು

2022ರ ಜುಲೈ ಮೊದಲ ವಾರ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಮೋಲಿಪುರದಲ್ಲಿ ಪೊಲೀಸರು ಹೊಲವೊಂದಕ್ಕೆ ನುಗ್ಗಿದಾಗ ಅಲ್ಲಿ ಐಪಿಎಲ್ ನಡೆಯುತ್ತಿತ್ತು. ಅಸಲಿ ಐಪಿಎಲ್ ಮೇ ತಿಂಗಳಲ್ಲೇ ಮುಗಿದಿತ್ತು. ಇದು ಹೊಲದ ಐಪಿಎಲ್. ನೆಲ ಸಮತಟ್ಟು ಮಾಡಿ, ಪಿಚ್ ಹಾಕಿ, ಹ್ಯಾಲೋಜನ್ ದೀಪ ಕಟ್ಟಿ, ಕೂಲಿಗೆ ಹೋಗುತ್ತಿದ್ದವರು, ಕೆಲಸವಿಲ್ಲದ ಹುಡುಗರು ಎಲ್ಲ ಸೇರಿ ಇಪ್ಪತ್ತೊಂದು ಜನರಿಗೆ ಚೆನ್ನೈ, ಮುಂಬೈ, ಗುಜರಾತ್ ತಂಡಗಳ ಜೆರ್ಸಿ ತೊಡಿಸಲಾಗಿತ್ತು. ಪಂದ್ಯಕ್ಕೆ 400 ರೂಪಾಯಿ ಕೂಲಿ. ಅಂಪೈರ್ ಕೈಯಲ್ಲಿ ವಾಕಿಟಾಕಿ. ಹರ್ಷ ಭೋಗ್ಲೆಯವರ ದನಿಯನ್ನು ಅನುಕರಿಸುವ ಒಬ್ಬ ಕಾಮೆಂಟ್ರಿ ಹೇಳುತ್ತಿದ್ದ. ಪ್ರೇಕ್ಷಕರ ಕೂಗು ಇಂಟರ್‌ನೆಟ್‌ನಿಂದ ಇಳಿಸಿಕೊಂಡದ್ದು. ಯೂಟ್ಯೂಬ್‌ನಲ್ಲಿ ನೇರಪ್ರಸಾರವಾಗುತ್ತಿದ್ದ ಈ ಪಂದ್ಯಗಳ ಮೇಲೆ ಮಾಸ್ಕೊ, ತ್ವೆರ್, ವೊರೊನೆಝ್ ನಗರಗಳಲ್ಲಿ ಕೂತ ರಷ್ಯನ್ನರು ಟೆಲಿಗ್ರಾಂ ಮೂಲಕ ಬೆಟ್ ಕಟ್ಟುತ್ತಿದ್ದರು. ಬೆಟ್ ಯಾವ ಕಡೆಗೆ ವಾಲಿದೆ ಎಂದು ನೋಡಿಕೊಂಡು ಸಂಘಟಕ ಅಂಪೈರ್‌ಗೆ ಹೇಳುತ್ತಿದ್ದ, ಅಂಪೈರ್ ಆಟಗಾರರಿಗೆ ಸನ್ನೆ ಮಾಡುತ್ತಿದ್ದ. ಸಿಕ್ಕಿಬೀಳುವ ಹೊತ್ತಿಗೆ ಟೂರ್ನಿ ಕ್ವಾರ್ಟರ್ ಫೈನಲ್ ತಲುಪಿತ್ತು.

ಸುದ್ದಿ ಓದಿ ಎಲ್ಲರೂ ನಕ್ಕರು. ನನಗೆ ಅದರಲ್ಲಿ ಕಂಡದ್ದು ಬೇರೆ. ಆ ರಷ್ಯನ್ನರು ಸುಮ್ಮನೆ ಕಣ್ಣುಮುಚ್ಚಿ ದುಡ್ಡು ಹಾಕಿರಲಾರರು. ಈ ಬೌಲರ್ ದಣಿದಿದ್ದಾನೆ, ಆ ಎಡಗೈ ಆಟಗಾರನಿಗೆ ಸ್ಪಿನ್ ಆಗಿಬರುವುದಿಲ್ಲ ಎಂದು ಪ್ರತಿಯೊಬ್ಬನೂ ತನಗೆ ತಾನೇ ಒಂದು ಕಾರಣ ಕೊಟ್ಟುಕೊಂಡಿರಬೇಕು. ಸೋತಾಗ ತನ್ನ ಲೆಕ್ಕಾಚಾರ ಎಲ್ಲಿ ತಪ್ಪಿತು ಎಂದು ಕೂತು ಯೋಚಿಸಿರಬೇಕು. ನಮ್ಮ ಇಂಜಿನಿಯರಿಂಗ್, ಡಿಗ್ರಿ ಕಾಲೇಜುಗಳ ಹಾಸ್ಟೆಲುಗಳಲ್ಲಿ, ಪಿ.ಜಿ.ಗಳಲ್ಲಿ ಪ್ರತಿ ಬೇಸಿಗೆಯಲ್ಲಿ ನಡೆಯುವುದೂ ಇದೇ. ಮೈದಾನ ಮಾತ್ರ ಅಸಲಿ.

ಬೆಟ್ಟಿಂಗ್‌ಗೆ ಬಿದ್ದ ಹುಡುಗನ ಬಗ್ಗೆ ದೊಡ್ಡವರು ಆಡುವ ಮೊದಲ ಮಾತು ‘ದುರಾಸೆ’. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಹಾಸ್ಟೆಲಿನ ರಾತ್ರಿ ಹರಟೆ ಕೇಳಿಸಿಕೊಂಡವರಿಗೆ ಗೊತ್ತು, ಅಲ್ಲಿ ದುಡ್ಡಿನ ಮಾತು ಮೊದಲು ಬರುವುದಿಲ್ಲ. ‘ಮಗಾ, ಇವತ್ತು ಡ್ಯೂ ಇದೆ, ಚೇಸ್ ಮಾಡೋರ್ದೇ ಮ್ಯಾಚು.’ ‘ಚಿನ್ನಸ್ವಾಮೀಲಿ ಇನ್ನೂರು ಹೊಡೆದ್ರೂ ಸೇಫ್ ಅಲ್ಲ ಗುರು.’ ಅಲ್ಲಿ ಮೊದಲು ಬರುವುದು ತಿಳಿವಳಿಕೆ. ಎಂಟು ವರ್ಷದವನಿದ್ದಾಗಿನಿಂದ ಈ ಹುಡುಗ ಕ್ರಿಕೆಟ್ ನೋಡಿದ್ದಾನೆ. ಯಾರ ಸ್ಟ್ರೈಕ್ ರೇಟ್ ಎಷ್ಟು, ಯಾವ ಬೌಲರ್‌ನ ಕೊನೇ ಓವರ್ ಎಂಥದ್ದು, ಎಲ್ಲ ಬಾಯಿಪಾಠ. ತರಗತಿಯಲ್ಲಿ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪಾಠ ತಲೆಗೆ ಹತ್ತದೆ ಕೊನೇ ಬೆಂಚಿನಲ್ಲಿ ಮುದುಡಿ ಕೂರುವವನು ರಾತ್ರಿ ಏಳೂವರೆಗೆ ರೂಮಿನಲ್ಲಿ ಪಂಡಿತನಾಗುತ್ತಾನೆ. ಸುತ್ತ ಹತ್ತು ಜನ ಅವನ ಮಾತಿಗೆ ಕಿವಿಗೊಡುತ್ತಾರೆ. ಅವನ ಮಟ್ಟಿಗೆ ಬೆಟ್ಟಿಂಗ್ ಎನ್ನುವುದು ಜೂಜಲ್ಲ. ಇಷ್ಟು ವರ್ಷ ಪುಕ್ಕಟೆಯಾಗಿ ಓದಿಕೊಂಡು ಬಂದ ವಿಷಯದಲ್ಲಿ ಕೊನೆಗೂ ಬಂದ ಪರೀಕ್ಷೆ ಅದು.

ಅವನ ಈ ಹೆಮ್ಮೆಯನ್ನು ಮೊದಲು ಗುರುತಿಸಿದವರು ಫ್ಯಾಂಟಸಿ ಆ್ಯಪ್‌ನವರು. ಹನ್ನೊಂದು ಆಟಗಾರರನ್ನು ಆರಿಸಬೇಕಿತ್ತು, ಕ್ಯಾಪ್ಟನ್‌ಗೆ ಎರಡು ಪಟ್ಟು ಅಂಕ, ವೈಸ್ ಕ್ಯಾಪ್ಟನ್‌ಗೆ ಒಂದೂವರೆ ಪಟ್ಟು. 49 ರೂಪಾಯಿ ಕಟ್ಟಿ ‘ಟೀಮ್ ಹಾಕಿ’ದರೆ ಕೋಟಿ ಗೆಲ್ಲಬಹುದು ಎಂದು ಟೀವಿಯಲ್ಲಿ ದೇಶದ ದೊಡ್ಡ ದೊಡ್ಡ ಕ್ರಿಕೆಟಿಗರೇ ಹೇಳುತ್ತಿದ್ದರು. 2020ರಲ್ಲಿ ಐಪಿಎಲ್‌ನ ಶೀರ್ಷಿಕೆಯೇ ಡ್ರೀಮ್ 11ರದಾಗಿತ್ತು. 2023ರ ಜುಲೈನಲ್ಲಿ ಭಾರತ ತಂಡದ ಎದೆಯ ಮೇಲೂ ಅದೇ ಹೆಸರು ಬಂತು. ಒಂದೊಂದು ಸ್ಪರ್ಧೆಯಲ್ಲಿ ಲಕ್ಷಗಟ್ಟಲೆ ಟೀಮುಗಳಿರುತ್ತಿದ್ದವು ಎಂಬುದು ಹುಡುಗನಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ, ಆ ಲಕ್ಷ ಜನಕ್ಕಿಂತ ತಾನು ಬಲ್ಲವನು ಎಂದು ನಂಬಿದ್ದ.

ಎರಡನೆಯ ಮೆಟ್ಟಿಲು ‘ಐಡಿ’. ಈ ಮಾತು ಈಗ ಕಾಲೇಜು ಕ್ಯಾಂಟೀನಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ವಾಟ್ಸ್‌ಆ್ಯಪ್‌ನಲ್ಲೊಂದು ನಂಬರಿಗೆ ಮೆಸೇಜ್ ಮಾಡಿದರೆ ವಿದೇಶದಿಂದ ನಡೆಯುವ ಯಾವುದೋ ತಾಣಕ್ಕೆ ಯೂಸರ್ ನೇಮ್, ಪಾಸ್‌ವರ್ಡ್ ಬರುತ್ತದೆ. ದುಡ್ಡು ಹಾಕಲು ಯುಪಿಐ ಕ್ಯೂಆರ್ ಕೋಡ್. ಅದರಲ್ಲಿ ಕಾಣುವ ಹೆಸರು ಇಂದು ಒಬ್ಬರದು, ನಾಲ್ಕು ದಿನ ಬಿಟ್ಟರೆ ಇನ್ನೊಬ್ಬರದು. ಒಳಗೆ ಹೋದರೆ ಪಂದ್ಯ ಯಾರು ಗೆಲ್ಲುತ್ತಾರೆ ಎಂಬುದಷ್ಟೇ ಅಲ್ಲ, ಆರು ಓವರ್‌ಗೆ ಎಷ್ಟು ರನ್ ಎಂಬ ‘ಸೆಷನ್’, ಮುಂದಿನ ವಿಕೆಟ್ ಹೇಗೆ ಬೀಳುತ್ತದೆ ಎಂಬ ‘ಫ್ಯಾನ್ಸಿ’, ಹೀಗೆ ಎಸೆತಕ್ಕೊಂದು ಬಾಗಿಲು. ಶುರುವಿನಲ್ಲಿ ಗೆದ್ದ ದುಡ್ಡು ತಕ್ಷಣ ಖಾತೆಗೆ ಬರುತ್ತದೆ, ಮುಖ್ಯವಾಗಿ ಅದನ್ನು ನಾಲ್ಕು ಜನರಿಗೆ ತೋರಿಸಲಿ ಎಂದು. ಮಹಾದೇವ್ ಆ್ಯಪ್ ಹಗರಣದ ತನಿಖೆಯಲ್ಲಿ ಜಾರಿ ನಿರ್ದೇಶನಾಲಯ ಈ ದಂಧೆಯ ರಚನೆಯನ್ನು ಬಿಚ್ಚಿಟ್ಟಿತು. ‘ಪ್ಯಾನೆಲ್’ ಎಂಬ ಶಾಖೆಗಳನ್ನು ಹಂಚುವುದು, ಲಾಭವನ್ನು 70:30ರಂತೆ ಪಾಲು ಮಾಡಿಕೊಳ್ಳುವುದು. ಲಾಭವೆಂದರೆ ಆಡಿದವರು ಕಳೆದುಕೊಂಡ ದುಡ್ಡು. ಜೂನಿಯರ್‌ಗೆ ಐಡಿ ಕೊಡಿಸುವ ಸೀನಿಯರ್ ಕಮಿಷನ್ ಮೇಲೆ ಕೆಲಸ ಮಾಡುತ್ತಿದ್ದರೆ, ಅವನ ಜೇಬು ತುಂಬುವುದು ಅದೇ ಜೂನಿಯರ್ ಸೋತಾಗ.

ಹುಡುಗನ ಈ ‘ನಾನು ಬಲ್ಲೆ’ ಎಂಬ ವಾದವನ್ನು ನಾವು ಗೇಲಿ ಮಾಡುವ ಮುನ್ನ ನೆನಪಿಡಬೇಕಾದದ್ದೊಂದಿದೆ: ಒಂದೂವರೆ ಶತಮಾನದಿಂದ ನಮ್ಮ ಕಾನೂನು ಆಡುತ್ತ ಬಂದ ವಾದವೂ ಅದೇ. 1867ರ ಸಾರ್ವಜನಿಕ ಜೂಜು ಕಾಯ್ದೆ ಬರೀ ಕೌಶಲದ ಆಟಗಳನ್ನು ಶಿಕ್ಷೆಯಿಂದ ಹೊರಗಿಟ್ಟಿತು. 1957ರಲ್ಲಿ ಸುಪ್ರೀಂ ಕೋರ್ಟ್ ಚಮಾರ್‌ಬಾಗ್‌ವಾಲಾ ಪ್ರಕರಣದಲ್ಲಿ ಕೌಶಲ ಬೇರೆ, ಜೂಜು ಬೇರೆ ಎಂದು ಗೆರೆ ಎಳೆಯಿತು. 1968ರಲ್ಲಿ ರಮ್ಮಿ ಆ ಗೆರೆಯ ಈಚೆ ಬಂತು. 1996ರಲ್ಲಿ ಕುದುರೆ ರೇಸೂ ಬಂತು. ತಳಿ, ಹಿಂದಿನ ಓಟಗಳು, ಜಾಕಿಯ ಸಾಮರ್ಥ್ಯ ಅಳೆದು ಪಣ ಕಟ್ಟುವುದು ಜಾಣ್ಮೆಯ ಕೆಲಸ ಎಂದಿತು ನ್ಯಾಯಾಲಯ. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಕಾನೂನಿನ ನೆರಳಿನಲ್ಲೇ ಪಣ ಕಟ್ಟಬಹುದು, ಪಕ್ಕದ ಗಲ್ಲಿಯಲ್ಲಿ ಓಸಿ ಬರೆದರೆ ಪೊಲೀಸರು ಬರುತ್ತಾರೆ. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಫ್ಯಾಂಟಸಿ ಆಟಕ್ಕೂ ಕೌಶಲದ ಮುದ್ರೆ ಒತ್ತಿತು. ‘ಇದು ಲೀಗಲ್ಲು, ಕೋರ್ಟೇ ಹೇಳಿದೆ’ ಎಂದು ಹುಡುಗರು ಹೇಳುತ್ತಿದ್ದುದು ಸುಳ್ಳೇನೂ ಆಗಿರಲಿಲ್ಲ.

ಕರ್ನಾಟಕದಲ್ಲಿ ಈ ಕಥೆ ಇನ್ನೂ ಗೋಜಲು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಸೆಕ್ಷನ್ ಶುದ್ಧ ಕೌಶಲದ ಆಟಕ್ಕೂ, ಅಂಥ ಆಟದಲ್ಲಿ ಪಾಲ್ಗೊಂಡವರು ಕಟ್ಟುವ ಪಣಕ್ಕೂ ವಿನಾಯಿತಿ ಕೊಡುತ್ತದೆ. ಪಾಲ್ಗೊಂಡವರು ಎಂಬಲ್ಲಿ ಒಂದು ಕ್ಷಣ ನಿಲ್ಲಬೇಕು. ಆಡುವವನ ಕೌಶಲಕ್ಕೆ ಸಿಕ್ಕ ರಿಯಾಯಿತಿ ಅದು, ಹಾಸಿಗೆ ಮೇಲೆ ಮಲಗಿ ನೋಡುವವನಿಗಲ್ಲ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಹಗರಣ ಹೊರಬಂದು ತಂಡದ ಮಾಲೀಕರಿಂದ ಆಟಗಾರರವರೆಗೆ ಬಂಧನಗಳಾದವು. 2022ರ ಜನವರಿಯಲ್ಲಿ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಭಾರತೀಯ ದಂಡ ಸಂಹಿತೆಯ 420ರಡಿ ವಂಚನೆಯಾಗುವುದಿಲ್ಲ ಎಂದು ಆ ಪ್ರಕರಣಗಳನ್ನು ರದ್ದು ಮಾಡಿತು. ಅದಕ್ಕೂ ಮೊದಲು, 2021ರ ಅಕ್ಟೋಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ರಾಜ್ಯ ಸರ್ಕಾರ ಕೌಶಲ, ಅದೃಷ್ಟ ಎನ್ನದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿ ಮೂರು ವರ್ಷದವರೆಗೆ ಜೈಲು ಎಂದಿತ್ತು. ನಾಲ್ಕೂವರೆ ತಿಂಗಳೂ ಆಗಿರಲಿಲ್ಲ, 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದನ್ನೂ ಹೊಡೆದುಹಾಕಿತು.

ಕೊನೆಗೆ ಗೆರೆ ಅಳಿಸಿದ್ದು ಸಂಸತ್ತು. 2025ರ ಆಗಸ್ಟ್ 20 ಮತ್ತು 21ರಂದು ಎರಡೂ ಸದನಗಳಲ್ಲಿ ಮಸೂದೆ ಪಾಸಾಯಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯ ಪ್ರಕಾರ ಹಣ ಕಟ್ಟಿ ಹಣ ಗೆಲ್ಲುವ ಆಟ ಕೌಶಲದ್ದಾದರೂ ಅಷ್ಟೆ, ಅದೃಷ್ಟದ್ದಾದರೂ ಅಷ್ಟೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ ಎರಡು ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ. ವರ್ಷಕ್ಕೆ ಸುಮಾರು 45 ಕೋಟಿ ಜನ ಇಂಥ ಆಟಗಳಿಂದ 20,000 ಕೋಟಿ ರೂಪಾಯಿಯಷ್ಟು ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಸರ್ಕಾರ ಕೊಟ್ಟ ಅಂದಾಜು. ದೇಶದ ದೊಡ್ಡ ಆ್ಯಪ್‌ಗಳು ದಿನಗಳೊಳಗೆ ಹಣದ ಸ್ಪರ್ಧೆ ನಿಲ್ಲಿಸಿದವು. ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ಭಾರತ ತಂಡ ಪ್ರಾಯೋಜಕರ ಹೆಸರಿಲ್ಲದ ಜೆರ್ಸಿ ತೊಟ್ಟು ಆಡಿತು. ಅಂಕಿತ ಬಿದ್ದ ಮರುದಿನವೇ ಚಿತ್ರದುರ್ಗದ ಶಾಸಕರೊಬ್ಬರನ್ನು ಅಕ್ರಮ ಬೆಟ್ಟಿಂಗ್ ಜಾಲದ ಆರೋಪದಡಿ ಇ.ಡಿ. ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿತು, ಸುಮಾರು 12 ಕೋಟಿ ರೂಪಾಯಿ ನಗದು ಸಿಕ್ಕಿತೆಂದು ಹೇಳಿತು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿ ಮೂರು ಹೈಕೋರ್ಟ್‌ಗಳಿಗೆ ಹೋಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನಲ್ಲಿಗೆ ತರಿಸಿಕೊಂಡಿತು.

ಕಾನೂನು ಏನೇ ಹೇಳಲಿ, ನೋಡುವವನ ಜಾಣ್ಮೆಗೆ ಬೆಟ್ಟಿಂಗ್‌ನಲ್ಲಿ ಬೆಲೆ ಎಷ್ಟು? ಇದು ಲೆಕ್ಕದ ಪ್ರಶ್ನೆ. ಎರಡೂ ತಂಡ ಸರಿಸಮ ಇರುವ ಪಂದ್ಯ ಎಂದಿಟ್ಟುಕೊಳ್ಳಿ. ನ್ಯಾಯವಾಗಿ ನೂರು ಕಟ್ಟಿ ಗೆದ್ದವನಿಗೆ ಇನ್ನೂರು ಬರಬೇಕು. ತಾಣ ಕೊಡುವುದು 190. ಹಾಗೆ ನೂರು ಬೆಟ್ ಕಟ್ಟಿ ಐವತ್ತು ಗೆದ್ದರೆ, ಹಾಕಿದ್ದು ಹತ್ತು ಸಾವಿರ, ಬಂದದ್ದು ಒಂಬತ್ತೂವರೆ ಸಾವಿರ. ಅಸಲು ಉಳಿಯಬೇಕಾದರೆ ನೂರರಲ್ಲಿ 53 ಸಲ ಸರಿಯಾಗಬೇಕು. ಕ್ರಿಕೆಟ್ ಬಲ್ಲವನಿಗೆ ಅದೇನು ಮಹಾ ಎನ್ನಿಸಬಹುದು. ಆದರೆ ಡ್ಯೂ, ಪಿಚ್, ಚಿಕ್ಕ ಬೌಂಡರಿ ಎಲ್ಲವನ್ನೂ ಬುಕ್ಕಿ ಆಗಲೇ ಆ ದರದೊಳಗೆ ಸೇರಿಸಿಬಿಟ್ಟಿರುತ್ತಾನೆ. ಎಲ್ಲರಿಗೂ ಗೊತ್ತಿರುವುದನ್ನು ತಿಳಿದುಕೊಂಡದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಇನ್ನು ‘ಈ ಸಲ ಕಪ್ ನಮ್ದೇ’ ಎಂದು ಹದಿನೇಳು ಸೀಸನ್ ಆರ್‌ಸಿಬಿಯ ಮೇಲೆ ಪ್ರೀತಿಯಿಂದ ಕಟ್ಟಿದವರ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳುವ ಹಾಗೇ ಇಲ್ಲ. ಹದಿನೆಂಟನೆಯದರಲ್ಲಿ, 2025ರ ಜೂನ್ 3ರಂದು, ಕಪ್ ಬಂತು. ಅಷ್ಟರಲ್ಲಿ ಎಷ್ಟೋ ಜನರ ಕಿಸೆ ಖಾಲಿಯಾಗಿತ್ತು.

ಇನ್ನೊಂದು ವಿಷಯ ಹುಡುಗರಿಗೆ ಹೇಳಿದರೂ ನಂಬುವುದಿಲ್ಲ. ಅವರು ಮೊಬೈಲಿನಲ್ಲಿ ‘ಲೈವ್’ ನೋಡುವ ಎಸೆತ ಆಗಲೇ ನಡೆದುಹೋಗಿರುತ್ತದೆ. ಪ್ರಸಾರ ಮೈದಾನಕ್ಕಿಂತ ಕೆಲವು ಸೆಕೆಂಡು ಹಿಂದೆ, ಇಂಟರ್‌ನೆಟ್ ಪ್ರಸಾರ ಇನ್ನೂ ಹಿಂದೆ. ಆ ಸೆಕೆಂಡುಗಳಲ್ಲೇ ಕೆಲವರ ಜೀವನ ನಡೆಯುತ್ತದೆ. 2021ರ ಐಪಿಎಲ್‌ನಲ್ಲಿ ದೆಹಲಿ ಮೈದಾನದ ಸ್ವಚ್ಛತಾ ಕೆಲಸಗಾರನೊಬ್ಬ ಎಸೆತದ ಸುದ್ದಿಯನ್ನು ಹೊರಗೆ ರವಾನಿಸುತ್ತಿದ್ದನೆಂಬ ಶಂಕೆಯನ್ನು ಬಿಸಿಸಿಐನ ಭ್ರಷ್ಟಾಚಾರ ತಡೆ ಘಟಕದ ಮುಖ್ಯಸ್ಥರೇ ಹೇಳಿದ್ದರು. ಎಸೆತ ಎಸೆತಕ್ಕೂ ಪಣ ಕಟ್ಟುವ ನಮ್ಮ ಪಂಡಿತ ಕಟ್ಟುತ್ತಿರುವುದು ಮುಗಿದ ಘಟನೆಯ ಮೇಲೆ.

ಟೆಲಿಗ್ರಾಂನ ‘ಪ್ರಿಡಿಕ್ಷನ್’ ಚಾನೆಲ್‌ಗಳ ಕೈಚಳಕವೂ ಇಷ್ಟೇ ಸರಳ. 1,600 ಜನರಲ್ಲಿ ಅರ್ಧಕ್ಕೆ ಈ ತಂಡ ಗೆಲ್ಲುತ್ತದೆ, ಉಳಿದರ್ಧಕ್ಕೆ ಆ ತಂಡ ಎಂದು ಕಳಿಸು. ಸರಿಯಾದ 800 ಜನರನ್ನು ಇಟ್ಟುಕೊಂಡು ಮತ್ತೆ ಅರ್ಧರ್ಧ ಮಾಡು. ನಾಲ್ಕು ಪಂದ್ಯ ಮುಗಿಯುವಾಗ ನಾಲ್ಕಕ್ಕೆ ನಾಲ್ಕೂ ಸರಿ ಕಂಡ ನೂರು ಜನ ಉಳಿದಿರುತ್ತಾರೆ. ಐದನೆಯದಕ್ಕೆ ಫೀಸು ಕೇಳಿದರೆ ಆ ನೂರು ಜನ ಕೊಡದೆ ಇರುತ್ತಾರೆಯೇ?

ಇವೆಲ್ಲಕ್ಕಿಂತ ಹುಡುಗನನ್ನು ಮುಗಿಸುವುದು ‘ರಿಕವರಿ’. ಸೋತದ್ದನ್ನು ಎತ್ತಲು ಮುಂದಿನ ಬೆಟ್ ಡಬಲ್ ಮಾಡುವುದು. ಐನೂರರಿಂದ ಶುರು ಮಾಡಿದರೆ ಸಾವಿರ, ಎರಡು, ನಾಲ್ಕು, ಎಂಟು, ಹದಿನಾರು ಸಾವಿರ. ಸತತ ಆರು ಸೋತರೆ 31,500 ರೂಪಾಯಿ ಹೋಯಿತು. ಆರು ಸಲ ಸತತ ಸೋಲೋದುಂಟೇ ಎಂಬುದು ಅವನ ಧೈರ್ಯ. ಪಂದ್ಯಕ್ಕೆ ಮೂರರಂತೆ ಎಪ್ಪತ್ತು ಪಂದ್ಯಕ್ಕೆ 210 ಬೆಟ್. ಪ್ರತಿಯೊಂದೂ ನಾಣ್ಯ ಚಿಮ್ಮಿದಂತೆ ಎಂದುಕೊಂಡರೂ, ಅಷ್ಟರಲ್ಲಿ ಒಮ್ಮೆಯಾದರೂ ಸತತ ಆರು ಸೋಲು ಬರುವ ಸಾಧ್ಯತೆ ನೂರಕ್ಕೆ 80ರ ಆಸುಪಾಸು. ಅದೂ ಹೋಗಲಿ, 190ರ ದರದಲ್ಲಿ ಸತತ ನಾಲ್ಕು ಸೋತು ಐದನೆಯದನ್ನು ಗೆದ್ದರೂ ಕೈಯಿಂದ 300 ರೂಪಾಯಿ ಹೋಗಿರುತ್ತದೆ. ವಿಟಿಯು ಕಂಪ್ಯೂಟರ್ ಸೈನ್ಸ್‌ನ ಮೂರನೇ ಸೆಮಿಸ್ಟರ್ ಗಣಿತದಲ್ಲಿ ಸಂಭವನೀಯತೆಯ ವಿತರಣೆಗಳೂ ಮಾರ್ಕೋವ್ ಸರಪಳಿಯೂ ಇವೆ. ಜೂಜುಗಾರ ದಿವಾಳಿಯಾಗುವ ಲೆಕ್ಕ ಮಾರ್ಕೋವ್ ಸರಪಳಿಗೆ ಎಲ್ಲರೂ ಕೊಡುವ ಮಾದರಿ. ಬೆಳಿಗ್ಗೆ ಅದನ್ನು ನೋಟ್ಸಿಗೆ ಇಳಿಸಿಕೊಂಡ ಕೈ ರಾತ್ರಿ ಡಬಲ್ ಮಾಡುತ್ತದೆ.

ಪಗಡೆ ಎಂದರೆ ನಮಗೆ ಧರ್ಮರಾಯನೇ ನೆನಪಾಗುತ್ತಾನೆ. ಇಲ್ಲಿ ಹೊಂದುವವನು ನಳ. ಸೋತು ರಾಜ್ಯ ಕಳೆದುಕೊಂಡ ನಳ ಕೊನೆಗೆ ಗೆದ್ದದ್ದು ಋತುಪರ್ಣನಿಂದ ಅಕ್ಷಹೃದಯ ಕಲಿತ ಮೇಲೆ; ಆ ಋತುಪರ್ಣ ಮರದ ಎಲೆ, ಕಾಯಿಗಳನ್ನು ನೋಡಿದ ಮಾತ್ರಕ್ಕೆ ಎಣಿಸಿ ಹೇಳಬಲ್ಲವನು. ಕನಕದಾಸರ ‘ನಳಚರಿತ್ರೆ’ಯನ್ನು ಓದಿದ ನಾಡಿಗೆ ಇದು ಹೊಸ ಕಥೆಯಲ್ಲ. ದಾಳದ ಗುಟ್ಟು ಎಣಿಕೆಯಲ್ಲಿದೆ. ಈ ಕಾಲದಲ್ಲಿ ಆ ಎಣಿಕೆ ಗೊತ್ತಿರುವುದು ತಾಣ ನಡೆಸುವವನಿಗೆ.

ಓದಿಗೆ ಇದರಿಂದ ಏನಾಗುತ್ತದೆ? ಮೊದಲು ಕ್ಯಾಲೆಂಡರ್ ನೋಡಿ. ಐಪಿಎಲ್ ಮಾರ್ಚ್ ಕೊನೆಗೆ ಶುರುವಾಗಿ ಮೇ ಕೊನೆ ಅಥವಾ ಜೂನ್ ಮೊದಲ ವಾರದವರೆಗೆ, 74 ಪಂದ್ಯ. ನಮ್ಮ ಬಹುಪಾಲು ಕಾಲೇಜುಗಳ ಸಮ ಸೆಮಿಸ್ಟರ್‌ನ ಇಂಟರ್ನಲ್ಸ್, ಲ್ಯಾಬ್, ಅಸೈನ್‌ಮೆಂಟ್ ಎಲ್ಲ ಅದರೊಳಗೇ ಬರುತ್ತವೆ. ಪಂದ್ಯ ಏಳೂವರೆಗೆ ಶುರು, ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಗೆದ್ದವನಿಗೆ ಖುಷಿಯಿಂದ, ಸೋತವನಿಗೆ ಲೆಕ್ಕದಿಂದ ಎರಡರವರೆಗೆ ನಿದ್ದೆ ಇಲ್ಲ. ಬೆಳಗಿನ ಮೊದಲ ಪೀರಿಯಡ್ ಹೋಯಿತು. ಮೊದಲೆಲ್ಲ ಸೀಸನ್ ಮುಗಿದರೆ ಬಿಡುವಿತ್ತು. ಈಗ ಬೆಟ್ಟಿಂಗ್ ತಾಣಕ್ಕೆ ಸೀಸನ್ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಆಸ್ಟ್ರೇಲಿಯಾದ ಬಿಗ್ ಬ್ಯಾಷ್ ನಮ್ಮ ಮಧ್ಯಾಹ್ನಕ್ಕೆ, ಅಂದರೆ ಸರಿಯಾಗಿ ಲ್ಯಾಬ್ ಹೊತ್ತಿಗೆ. ಕೆರಿಬಿಯನ್ ಲೀಗ್ ನಸುಕಿಗೆ. ಅದಿಲ್ಲದಿದ್ದರೆ ಹೆಸರೇ ಕೇಳಿರದ ಯಾವುದೋ ಟಿ10.

ವಿಟಿಯುನಲ್ಲಿ 85ರಷ್ಟು ಹಾಜರಾತಿ ಬೇಕು. 50 ಅಂಕದ ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ. ಈ ವ್ಯವಸ್ಥೆಯಲ್ಲಿ ಎರಡು ವಾರ ಜಾರಿದವನು ಮೇಲೆ ಬರುವುದು ಕಷ್ಟ. ಆದರೆ ಹಾಜರಾತಿ ಪುಸ್ತಕದಲ್ಲಿ ಕಾಣದ ನಷ್ಟವೇ ದೊಡ್ಡದು ಎಂದು ನನ್ನ ಎಣಿಕೆ. ಓದು ಎಂಬುದು ನಿಧಾನದ ಕೆಲಸ. ಇವತ್ತು ಅರ್ಥವಾಗದ್ದು ನಾಳೆ ಆದೀತು, ಫಲಿತಾಂಶ ಆರು ತಿಂಗಳಿಗೆ. ಬೆಟ್ಟಿಂಗ್ ಅರ್ಧ ನಿಮಿಷದಲ್ಲಿ ನೀನು ಸರಿಯೋ ತಪ್ಪೋ ಹೇಳಿಬಿಡುತ್ತದೆ. ಅದಕ್ಕೆ ಒಗ್ಗಿದ ಮನಸ್ಸಿಗೆ ಥರ್ಮೋಡೈನಮಿಕ್ಸ್ ಪುಟ ಮುಂದೆ ಹೋಗುವುದಿಲ್ಲ. ಪುಸ್ತಕ ತೆರೆದಿರುತ್ತದೆ, ಬೆರಳು ಮೊಬೈಲಿನ ಮೇಲಿರುತ್ತದೆ. ಮೇಷ್ಟ್ರ ಕಣ್ಣಿಗೆ ಅವನು ಸೋಮಾರಿ. ವಾಸ್ತವದಲ್ಲಿ ಅವನಷ್ಟು ಶ್ರಮ ಪಡುವವನು ತರಗತಿಯಲ್ಲಿ ಇನ್ನೊಬ್ಬನಿಲ್ಲ, ಪಡುತ್ತಿರುವುದು ಬೇರೆ ಕಡೆ.

ಆಮೇಲೆ ದುಡ್ಡಿನ ಸರಣಿ. ಮೊದಲು ರೂಮ್‌ಮೇಟ್ ಹತ್ತಿರ ಇನ್ನೂರು, ಐನೂರು. ನಂತರ ಸೀನಿಯರ್. ನಂತರ ಹತ್ತು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್. ಇಂಥವುಗಳಲ್ಲಿ ಕೆಲವು ಮೊಬೈಲಿನಲ್ಲಿರುವ ಎಲ್ಲರ ನಂಬರನ್ನೂ ಎತ್ತಿಕೊಂಡು, ಕಂತು ತಪ್ಪಿದರೆ ಅತ್ತೆ, ಮಾವ, ಕ್ಲಾಸ್ ಟೀಚರ್‌ವರೆಗೆ ಫೋನ್ ಮಾಡುತ್ತವೆ. ನಡುವೆ ಎಲ್ಲೋ ಎಕ್ಸಾಮ್ ಫೀಸ್ ಕಟ್ಟುವ ಕೊನೇ ದಿನ ಬರುತ್ತದೆ. ‘ಅಪ್ಪಾ, ಇಂಡಸ್ಟ್ರಿಯಲ್ ವಿಸಿಟ್ ಐತಿ, ಆರು ಸಾವಿರ ಬೇಕಾಗೇತಿ.’ ಗದಗದ ಹಳ್ಳಿಯಲ್ಲಿ ಮೆಣಸಿನಕಾಯಿ ಮಾರಿ ಬಂದವನಿಗೆ ಇಂಡಸ್ಟ್ರಿಯಲ್ ವಿಸಿಟ್ ನಿಜವೋ ಸುಳ್ಳೋ ತಿಳಿಯುವ ದಾರಿ ಯಾವುದು? ಕಳಿಸುತ್ತಾನೆ.

ಬಡ ಮಕ್ಕಳ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ನೆರವಿನ ಹಣ ಇದೆ. ರೈತರ ಮಕ್ಕಳಿಗೆ ವಿದ್ಯಾನಿಧಿ, ಇಂಜಿನಿಯರಿಂಗ್ ಹುಡುಗನಿಗೆ ವರ್ಷಕ್ಕೆ 10,000, ಹುಡುಗಿಗೆ 11,000. ಈ ದುಡ್ಡು ನೇರ ವಿದ್ಯಾರ್ಥಿಯ ಖಾತೆಗೆ ಬೀಳುವುದು ಒಳ್ಳೆಯದೇ, ಮಧ್ಯವರ್ತಿ ತಪ್ಪಿದ. ಆದರೆ ಊಟ, ಬಾಡಿಗೆಗೆಂದು ತಿಂಗಳು ತಿಂಗಳು ಬರಬೇಕಾದದ್ದು ತಡವಾಗಿ ಇಡಿಗಂಟಾಗಿ ಬಂದಾಗ, ಆಗಲೇ ಸಾಲದಲ್ಲಿದ್ದ ಹುಡುಗನಿಗೆ ಅದು ರಿಕವರಿಯ ಬಂಡವಾಳವಾಗಿ ಕಾಣುತ್ತದೆ.

ಇದು ನಮ್ಮಲ್ಲಷ್ಟೇ ಇರುವ ರೋಗವಲ್ಲ. ಎಂ-ಪೆಸಾ ಮೂಲಕ ಮೊಬೈಲಿನಲ್ಲೇ ಹಣ ಓಡಾಡಲು ಶುರುವಾದ ಕೆನ್ಯಾದಲ್ಲಿ ಕ್ರೀಡಾ ಬೆಟ್ಟಿಂಗ್ ಎಷ್ಟು ಬೆಳೆಯಿತೆಂದರೆ, ವಿದ್ಯಾರ್ಥಿಗಳು ಸರ್ಕಾರದ ಶಿಕ್ಷಣ ಸಾಲವನ್ನೇ ಬೆಟ್‌ಗೆ ಹಾಕುವುದು ಅಲ್ಲಿ ಮನೆಮಾತಾಯಿತು. 2019ರಲ್ಲಿ ಸರ್ಕಾರ ದೊಡ್ಡ ಕಂಪನಿಗಳ ಪರವಾನಗಿ ತಡೆಹಿಡಿಯಿತು. ಅಮೆರಿಕದಲ್ಲಿ 2018ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪು ರಾಜ್ಯಗಳಿಗೆ ಬಾಗಿಲು ತೆರೆಯಿತು. ಐದೇ ವರ್ಷಕ್ಕೆ, 2023ರಲ್ಲಿ, ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ 18ರಿಂದ 22 ವಯಸ್ಸಿನವರ ಸಮೀಕ್ಷೆ ಮಾಡಿದಾಗ ನೂರಕ್ಕೆ 58 ಜನ ಒಮ್ಮೆಯಾದರೂ ಬೆಟ್ ಕಟ್ಟಿದ್ದರು, ಕ್ಯಾಂಪಸ್‌ನಲ್ಲಿ ಇರುವವರಲ್ಲಿ 67. ಅಲ್ಲಿ ಕೆಲವು ವಿಶ್ವವಿದ್ಯಾಲಯಗಳೇ ಬೆಟ್ಟಿಂಗ್ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿದ್ದವು. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಮೊದಲ ಬೆಟ್ ಕಟ್ಟಿ ಎಂಬ ಮೇಲ್, ಬೆಟ್ ಕಟ್ಟುವ ವಯಸ್ಸೇ ಆಗದ ವಿದ್ಯಾರ್ಥಿಗಳಿಗೂ ಹೋಯಿತು. ಎಂ.ಎಸ್. ಮಾಡಲು ಮಗನನ್ನು ಅಲ್ಲಿಗೆ ಕಳಿಸಿ ನಿಶ್ಚಿಂತೆಯಾಗಿರುವ ಬೆಂಗಳೂರಿನ ತಂದೆತಾಯಿ ಇದನ್ನು ತಿಳಿದಿರುವುದು ಒಳ್ಳೆಯದು.

ನಮ್ಮ ಕಾಲೇಜುಗಳು ಮಾಡುತ್ತಿರುವುದೇನು? ಐಪಿಎಲ್ ಶುರುವಾಗುವಾಗ ಒಂದು ‘ಜಾಗೃತಿ ಕಾರ್ಯಕ್ರಮ’. ಠಾಣೆಯ ಇನ್‌ಸ್ಪೆಕ್ಟರ್ ಬಂದು ಜೂಜು ಸಮಾಜದ ಪಿಡುಗು ಎನ್ನುತ್ತಾರೆ. ಹಿಂದಿನ ಸಾಲಿನಲ್ಲಿ ಕೂತವನು ತಲೆಯಾಡಿಸುತ್ತಾನೆ, ಯಾಕೆಂದರೆ ಅವನ ಪ್ರಕಾರ ಜೂಜು ಎಂದರೆ ಊರ ಹೊರಗೆ ಇಸ್ಪೀಟು ಆಡುವ ಚಿಕ್ಕಪ್ಪ. ಆ ಮಾತು ತನಗೆ ಹೇಳಿದ್ದು ಎಂದೇ ಅವನಿಗೆ ಅನ್ನಿಸುವುದಿಲ್ಲ. ಅದೇ ಒಂದು ಗಂಟೆಯನ್ನು ಗಣಿತದ ಮೇಷ್ಟ್ರಿಗೆ ಕೊಟ್ಟು, 190ರ ದರವನ್ನೂ ಆರು ಸೋಲಿನ ಸರಣಿಯನ್ನೂ ಬೋರ್ಡಿನ ಮೇಲೆ ಬಿಡಿಸಿ ತೋರಿಸಲು ಹೇಳಿದರೆ ಅವನ ಹೆಮ್ಮೆಗೆ ಪೆಟ್ಟು ಬೀಳುತ್ತದೆ. ಆ ಪೆಟ್ಟು ಬೀಳದೆ ಉಳಿದ ಯಾವ ಮಾತೂ ಒಳಗಿಳಿಯುವುದಿಲ್ಲ. ಇಪ್ಪತ್ತು ವಿದ್ಯಾರ್ಥಿಗೆ ಒಬ್ಬ ಮೆಂಟರ್ ಎಂಬ ವ್ಯವಸ್ಥೆ ಕಾಗದದಲ್ಲಿ ಎಲ್ಲ ಕಡೆ ಇದೆ. ಮೆಂಟರ್ ಪುಸ್ತಕ ತುಂಬುವುದು ಹೆಚ್ಚಾಗಿ ನ್ಯಾಕ್ ತಂಡ ಬರುವ ಹಿಂದಿನ ರಾತ್ರಿ, ಒಂದೇ ಪೆನ್ನಿನಲ್ಲಿ. ಎಕ್ಸಾಮ್ ಫೀಸ್ ಕಟ್ಟದೆ ಉಳಿದವರ ಪಟ್ಟಿ ಆಫೀಸಿನಲ್ಲಿ ಇದ್ದೇ ಇರುತ್ತದೆ. ಅದನ್ನು ದಂಡ ವಸೂಲಿಗೆ ಬಳಸುವ ಬದಲು ಹುಡುಗನನ್ನು ಕರೆದು ಕೂರಿಸಿ ಮಾತಾಡಿಸಲು ಬಳಸಿದರೆ ಎಷ್ಟೋ ಪ್ರಕರಣ ಅಲ್ಲೇ ತಿಳಿಯಬಹುದು.

ಒಂದು ಹಂತ ದಾಟಿದ ಮೇಲೆ ಇದು ಬುದ್ಧಿವಾದದಿಂದ ಸರಿಯಾಗುವಂಥದ್ದಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಜೂಜಿನ ಚಟವನ್ನು ಕಾಯಿಲೆಯೆಂದೇ ಗುರುತಿಸುತ್ತದೆ, ಆನ್‌ಲೈನ್ ಜೂಜಿಗೆ ಬೇರೆ ವಿಭಾಗವನ್ನೇ ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ತಂತ್ರಜ್ಞಾನದ ಅತಿ ಬಳಕೆಗೆಂದೇ ‘ಶಟ್’ ಕ್ಲಿನಿಕ್ ಇದೆ. ದೂರದೂರಿನವರಿಗೆ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು. ಸಾಲಗಾರರ ಕಾಟಕ್ಕೆ ಹೆದರಿ ಮನೆಗೂ ಹೇಳಲಾರದೆ ಕೂತ ಹುಡುಗನಿಗೆ ಕಾನೂನಿಗಿಂತ ಮೊದಲು ಬೇಕಾದದ್ದು ಈ ನಂಬರು.

2025ರ ಕಾಯ್ದೆಯ ನಂತರ ಜಾಹೀರಾತಿನ ಗದ್ದಲ ತಗ್ಗಿದೆ, ಅದು ಸಣ್ಣ ಲಾಭವಲ್ಲ. ಆದರೆ ಕಾಯ್ದೆಗೆ ತಲೆಬಾಗಿದ್ದು ಇಲ್ಲಿ ಕಚೇರಿ ಇದ್ದ ಕಂಪನಿಗಳು. ವಾಟ್ಸ್‌ಆ್ಯಪ್ ಐಡಿ ಹಂಚುವವನಿಗೆ ಕಚೇರಿಯೂ ಇಲ್ಲ, ಬೋರ್ಡೂ ಇಲ್ಲ. 2022ರಿಂದ 2025ರ ಜೂನ್‌ವರೆಗೆ ಕೇಂದ್ರ ಸರ್ಕಾರ ಇಂಥ ತಾಣಗಳ ವಿರುದ್ಧ 1,524 ತಡೆ ಆದೇಶ ಹೊರಡಿಸಿತ್ತು. ಒಂದು ವಿಳಾಸ ಮುಚ್ಚಿದರೆ ಕೊನೆಗೊಂದು ಅಂಕಿ ಸೇರಿಸಿಕೊಂಡು ಅದೇ ತಾಣ ಮತ್ತೆ ತೆರೆಯುತ್ತದೆ. ತಾಣ ನಡೆಸುವವರಿಗೆ ನಿಜವಾಗಿ ಕೊರತೆ ಇರುವುದು ದುಡ್ಡು ಹರಿಸಲು ಬೇಕಾದ ಬ್ಯಾಂಕ್ ಖಾತೆಗಳದ್ದು. ಆ ಖಾತೆಗಳಿಗಾಗಿ ಅವರು ಹುಡುಕಿಕೊಂಡು ಬರುವುದು ಸಾಲದಲ್ಲಿ ಮುಳುಗಿದ ವಿದ್ಯಾರ್ಥಿಗಳನ್ನು. ‘ಪಾಸ್‌ಬುಕ್, ಎಟಿಎಂ, ಸಿಮ್ ಮೂರು ತಿಂಗಳು ಕೊಡು, ನಿನ್ನ ಬಾಕಿ ಚುಕ್ತಾ.’ ಪುಕ್ಕಟೆ ಬಂದ ಬಿಡುಗಡೆಯಂತೆ ಕಾಣುತ್ತದೆ. ಕೆಲವು ವಾರಗಳಲ್ಲಿ ಅವನು ಎಂದೂ ನೋಡದಷ್ಟು ದುಡ್ಡು ಆ ಖಾತೆಯಲ್ಲಿ ಹಾದುಹೋಗಿರುತ್ತದೆ, ಅದರಲ್ಲಿ ಬೆಟ್ಟಿಂಗ್‌ನದ್ದು ಎಷ್ಟು, ಯಾರಿಗೋ ಸೈಬರ್ ಟೋಪಿ ಹಾಕಿದ್ದು ಎಷ್ಟು ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಒಂದು ದಿನ ಬೇರೆ ರಾಜ್ಯದ ಸೈಬರ್ ಠಾಣೆಯಿಂದ ನೋಟಿಸ್ ಬರುತ್ತದೆ, ಬ್ಯಾಂಕು ಖಾತೆಯನ್ನು ಸ್ಥಗಿತಗೊಳಿಸುತ್ತದೆ. ಆಡಿದವನಿಗೆ ಹೊಸ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ನಿಜ. ಖಾತೆ ಬಾಡಿಗೆಗೆ ಕೊಟ್ಟವನನ್ನು ಪೊಲೀಸರು ಆಡಿದವನೆಂದು ಎಣಿಸುವುದಿಲ್ಲ, ಹಣ ಸಾಗಿಸಿದವನೆಂದು ಎಣಿಸುತ್ತಾರೆ. ಆಧಾರ್‌ಗೆ ಜೋಡಿಸಿದ ಖಾತೆಯೂ ಅದೇ ಆಗಿದ್ದರೆ, ಆ ವರ್ಷದ ವಿದ್ಯಾಸಿರಿ ಬಂದು ಬೀಳುವುದೂ ಅಲ್ಲಿಗೇ.